ಮಾರ್ಪಡಿಸಿದ ಗಾಡಿಯ ಎಂಜಿನ್ ತಂಪಾಗಿಡಲು ಇಲೆಕ್ಟ್ರಿಕ್ ಫ್ಯಾನ್: ಗಡಿಭಾಗದ ವಾಹನ ಮಾಲೀಕರಿಗೆ ಮಾಹಿತಿ

ಉಟಗಿ (ತಾ. ಜತ್ತ, ಜಿ. ಸಾಂಗಲಿ): ಏಪ್ರಿಲ್, ಮೇ ತಿಂಗಳು ಬಂತೆಂದರೆ ಜತ್ತ, ಚಡಚಣ, ಇಂಡಿ ಭಾಗದ ರಸ್ತೆಗಳ ಪಕ್ಕದಲ್ಲಿ ಬಾನೆಟ್ ಎತ್ತಿ ನಿಲ್ಲಿಸಿದ ಗಾಡಿಗಳು ಕಾಣತೊಡಗುತ್ತವೆ. ಮದುವೆ ದಿಬ್ಬಣದ ಜೀಪು ಇರಲಿ, ದವಾಖಾನೆಗೆ ಹೊರಟ ಓಮ್ನಿ ಇರಲಿ, ವಡಾಪ್ ಹೊಡೆಯುವ ಕ್ರೂಸರ್ ಇರಲಿ, ಎಂಜಿನ್ ಕುದಿಯಿತೆಂದರೆ ಪಯಣ ಅಲ್ಲಿಗೇ ನಿಂತಿತು. ಹೆಡ್ ಗ್ಯಾಸ್ಕೆಟ್ ಹೋದರೆ ಮಾಲೀಕನ ಕೆಲವು ವಾರಗಳ ದುಡಿಮೆ ಗ್ಯಾರೇಜಿಗೆ ಹೋಗುತ್ತದೆ. ಹಳೆ ಗಾಡಿಗೆ ಬೇರೆ ಎಂಜಿನ್ ಕೂರಿಸಿದವರು, ಏ.ಸಿ. ಹಾಕಿಸಿದವರು, ಗ್ಯಾಸ್ ಕಿಟ್ ಜೋಡಿಸಿದವರು ಈ ತೊಂದರೆಯನ್ನು ಹೆಚ್ಚು ಅನುಭವಿಸುತ್ತಾರೆ. ಇದಕ್ಕೆ ಮಿಸ್ತ್ರಿಗಳು ಹೇಳುವ ಸಾಮಾನ್ಯ ಪರಿಹಾರ ಬ್ಯಾಟರಿ ಮೇಲೆ ತಿರುಗುವ ಇಲೆಕ್ಟ್ರಿಕ್ ಫ್ಯಾನ್. ಅದು ಯಾವಾಗ ಉಪಯೋಗಕ್ಕೆ ಬರುತ್ತದೆ, ಯಾವಾಗ ಬರುವುದಿಲ್ಲ, ಹೇಗೆ ಜೋಡಿಸಬೇಕು, ಕಾನೂನು ಏನು ಹೇಳುತ್ತದೆ ಎಂಬ ಮಾಹಿತಿಯನ್ನು ಇಲ್ಲಿ ಕೊಡಲಾಗಿದೆ.

ಎಂಜಿನ್ ಬಿಸಿ ಎಲ್ಲಿಗೆ ಹೋಗುತ್ತದೆ?

ನಾವು ಹಾಕುವ ಪೆಟ್ರೋಲ್ ಅಥವಾ ಡೀಸೆಲ್‌ನ ಶಕ್ತಿಯೆಲ್ಲ ಚಕ್ರಕ್ಕೆ ಹೋಗುವುದಿಲ್ಲ. ಸ್ಥೂಲವಾಗಿ ಹೇಳುವುದಾದರೆ ಮೂರರಲ್ಲಿ ಒಂದು ಪಾಲು ಗಾಡಿ ಎಳೆಯಲು, ಇನ್ನೊಂದು ಪಾಲು ಸೈಲೆನ್ಸರ್ ಮೂಲಕ ಹೊಗೆಯ ಜೊತೆಗೆ, ಉಳಿದ ಪಾಲು ಎಂಜಿನ್ ಸುತ್ತಲಿನ ನೀರಿಗೆ ಹೋಗುತ್ತದೆ. ವಾಟರ್ ಪಂಪ್ ಈ ನೀರನ್ನು ರೇಡಿಯೇಟರ್‌ಗೆ ತಳ್ಳುತ್ತದೆ. ರೇಡಿಯೇಟರ್‌ನ ಸಣ್ಣ ಕೊಳವೆಗಳ ನಡುವೆ ಹಾಯುವ ಗಾಳಿ ಆ ಬಿಸಿಯನ್ನು ಹೊತ್ತೊಯ್ಯುತ್ತದೆ. ನೀರು, ಗಾಳಿ ಎರಡೂ ಹರಿಯುತ್ತಿದ್ದರೆ ಮಾತ್ರ ಎಂಜಿನ್ ತಂಪಾಗಿರುತ್ತದೆ. ಒಂದು ನಿಂತರೂ ಸಾಕು, ಕೆಲವೇ ನಿಮಿಷಗಳಲ್ಲಿ ಮುಳ್ಳು ಕೆಂಪು ಗೆರೆ ಮುಟ್ಟುತ್ತದೆ.

ನಮ್ಮ ಭಾಗದ ಬಿಸಿಲು ಇಲ್ಲಿ ದೊಡ್ಡ ಲೆಕ್ಕ. ರೇಡಿಯೇಟರ್ ಎಷ್ಟು ಬಿಸಿ ಬಿಡುತ್ತದೆ ಎಂಬುದು ಒಳಗಿನ ನೀರಿಗೂ ಹೊರಗಿನ ಗಾಳಿಗೂ ಇರುವ ಉಷ್ಣತೆಯ ಅಂತರದ ಮೇಲೆ ನಿಂತಿದೆ. ನೀರು 95 ಡಿಗ್ರಿ, ಹೊರಗೆ 20 ಡಿಗ್ರಿ ಇದ್ದರೆ ಅಂತರ 75. ಮೇ ತಿಂಗಳ ಮಧ್ಯಾಹ್ನ ಹೊರಗೆ 42 ಡಿಗ್ರಿ ಇದ್ದರೆ ಅಂತರ 53 ಮಾತ್ರ. ಅಂದರೆ ಅದೇ ರೇಡಿಯೇಟರ್, ಅದೇ ಫ್ಯಾನ್ ಬೇಸಿಗೆಯಲ್ಲಿ ಚಳಿಗಾಲದ ಮುಂಜಾವಿಗಿಂತ ಸುಮಾರು ಶೇ. 30ರಷ್ಟು ಕಡಿಮೆ ಕೆಲಸ ಮಾಡುತ್ತದೆ. ಡಿಸೆಂಬರ್‌ನಲ್ಲಿ ಚೆನ್ನಾಗಿ ಓಡಿದ ಗಾಡಿ ಮೇ ತಿಂಗಳಲ್ಲಿ ಕುದಿಯಲು ಇದೇ ಕಾರಣ.

ಬೆಲ್ಟ್ ಫ್ಯಾನ್ ಮತ್ತು ಇಲೆಕ್ಟ್ರಿಕ್ ಫ್ಯಾನ್

ಹಳೆಯ ಜೀಪು, ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ ಗಾಡಿಗಳಲ್ಲಿ ಎಂಜಿನ್ ಉದ್ದಕ್ಕೆ ಕೂತಿರುತ್ತದೆ. ಅದರ ಮುಂದಿನ ಪುಲ್ಲಿಯ ಎದುರಿಗೇ ರೇಡಿಯೇಟರ್ ಇರುವುದರಿಂದ ವಾಟರ್ ಪಂಪಿನ ಮೇಲೆಯೇ ಫ್ಯಾನ್ ಕೂರಿಸಿ ಬೆಲ್ಟಿನಿಂದ ತಿರುಗಿಸುತ್ತಿದ್ದರು. 1983ರ ಡಿಸೆಂಬರ್‌ನಲ್ಲಿ ಬಂದ ಮಾರುತಿ 800ರಲ್ಲಿ ಎಂಜಿನ್ ಅಡ್ಡಲಾಗಿ ಕೂತಿತ್ತು. ಪುಲ್ಲಿಯ ಮುಖ ಚಕ್ರದ ಕಡೆಗೆ, ರೇಡಿಯೇಟರ್ ಗಾಡಿಯ ಮುಂಭಾಗದಲ್ಲಿ. ಬೆಲ್ಟ್ ಅಲ್ಲಿಗೆ ಮುಟ್ಟುವುದಿಲ್ಲ. ಆದ್ದರಿಂದ ಅದಕ್ಕೆ ಬ್ಯಾಟರಿಯಿಂದ ತಿರುಗುವ ಫ್ಯಾನ್ ಬಂತು. ಮುಂದೆ ಬಂದ ಸಣ್ಣ ಕಾರುಗಳೂ ಇದೇ ದಾರಿ ಹಿಡಿದವು. ಗುಜರಿಯಲ್ಲಿ ಸಿಗುವ ಮಾರುತಿ ಫ್ಯಾನುಗಳು ಇಂದು ಜೀಪುಗಳ ಮೇಲೆ ಕಾಣುವುದಕ್ಕೆ ಇದೇ ಮೂಲ.

ಬೆಲ್ಟ್ ಫ್ಯಾನಿಗೆ ಒಂದು ಸಹಜ ದೋಷ ಇದೆ. ಎಂಜಿನ್ ನಿಧಾನವಾದರೆ ಅದೂ ನಿಧಾನ. ಆಯ್ಡಲ್‌ನಲ್ಲಿ ಎಂಜಿನ್ ನಿಮಿಷಕ್ಕೆ 700-800 ಸುತ್ತು ತಿರುಗುವಾಗ ಫ್ಯಾನಿನ ಗಾಳಿ ಬಹಳ ಕಡಿಮೆ. ಆದರೆ ಗಾಳಿ ಹೆಚ್ಚು ಬೇಕಾಗುವುದು ಆಗಲೇ, ಏಕೆಂದರೆ ನಿಂತ ಗಾಡಿಗೆ ಮುಂದಿನಿಂದ ಗಾಳಿ ಬರುವುದಿಲ್ಲ. ಗಾಡಿ 50-60 ಕಿ.ಮೀ. ವೇಗದಲ್ಲಿ ಓಡುವಾಗ ಮುಂದಿನ ಗಾಳಿಯೇ ಬಹುತೇಕ ಸಾಕಾಗುತ್ತದೆ. ಆಗ ಬೆಲ್ಟ್ ಫ್ಯಾನ್ ಸುಮ್ಮನೆ ಶಕ್ತಿ ತಿನ್ನುತ್ತದೆ. ಫ್ಯಾನಿನ ವೇಗ ಎರಡು ಪಟ್ಟಾದರೆ ಅದು ತಿನ್ನುವ ಶಕ್ತಿ ಎಂಟು ಪಟ್ಟು ಆಗುತ್ತದೆ.

ಇಲೆಕ್ಟ್ರಿಕ್ ಫ್ಯಾನ್ ಇದಕ್ಕೆ ತಿರುವು ಮುರುವು. ಎಂಜಿನ್ ಎಷ್ಟು ನಿಧಾನ ಇದ್ದರೂ ಅದು ಪೂರ್ಣ ವೇಗದಲ್ಲಿ ತಿರುಗುತ್ತದೆ, ಬೇಡವಾದಾಗ ನಿಲ್ಲುತ್ತದೆ. ಗುಡ್ಡಾಪುರದ ದಾನಮ್ಮದೇವಿ ಜಾತ್ರೆಯ ಗದ್ದಲದಲ್ಲಿ, ಆಷಾಢಿ ಏಕಾದಶಿಗೆ ಪಂಢರಪುರದ ದಾರಿಯಲ್ಲಿ, ಕಬ್ಬು ತುಂಬಿದ ಎರಡು ಟ್ರಾಲಿಯ ಟ್ರ್ಯಾಕ್ಟರ್ ಹಿಂದೆ ತೆವಳುವಾಗ ಇದರ ಲಾಭ ಗೊತ್ತಾಗುತ್ತದೆ.

ಆದರೆ ಒಂದು ಮಾತು ಮರೆಯಬಾರದು. ಕೆಲವು ದೊಡ್ಡ ಡೀಸೆಲ್ ಗಾಡಿಗಳಲ್ಲಿ ಕಂಪನಿಯವರು ಕೊಟ್ಟ ವಿಸ್ಕಸ್ ಕಪ್ಲಿಂಗ್ ಫ್ಯಾನ್ ಇರುತ್ತದೆ. ಬಿಸಿಯಾದಾಗ ಹಿಡಿದುಕೊಂಡು ಜೋರಾಗಿ ತಿರುಗುವ ಈ ಫ್ಯಾನ್ ಭಾರ ಹೊತ್ತು ಏರು ಹತ್ತುವಾಗ ಎಳೆಯುವಷ್ಟು ಗಾಳಿಯನ್ನು ಒಂದು ಸಣ್ಣ ಕಾರಿನ ಫ್ಯಾನ್ ಎಳೆಯಲಾರದು. ಸರಿಯಾಗಿ ಕೆಲಸ ಮಾಡುವ ಅಂಥ ಫ್ಯಾನನ್ನು ತೆಗೆದು ಹಾಕುವುದು ಜಾಣತನವಲ್ಲ. ಹಾಳಾಗಿದ್ದರೆ ಮೊದಲು ಕಪ್ಲಿಂಗ್ ಬದಲಿಸುವ ವಿಚಾರ ಮಾಡಿ.

ಮಾರ್ಪಾಡು ಮಾಡಿದ ಗಾಡಿಯಲ್ಲಿ ಬಿಸಿ ಏಕೆ ಹೆಚ್ಚು?

1. ದೊಡ್ಡ ಎಂಜಿನ್, ಹಳೆ ರೇಡಿಯೇಟರ್: ಹಳೆಯ ಜೀಪಿಗೆ ಹೆಚ್ಚು ಶಕ್ತಿಯ ಎಂಜಿನ್ ಕೂರಿಸಿ ಮೊದಲಿನ ರೇಡಿಯೇಟರನ್ನೇ ಉಳಿಸಿಕೊಂಡರೆ ಬಿಸಿ ಹೆಚ್ಚು, ಬಿಡುವ ದಾರಿ ಮೊದಲಿನಷ್ಟೇ.

2. ಫ್ಯಾನಿಗೆ ಜಾಗ ಇಲ್ಲದಿರುವುದು: ಹೊಸ ಎಂಜಿನ್ ಉದ್ದವಾಗಿದ್ದರೆ ಬೆಲ್ಟ್ ಫ್ಯಾನ್ ಕೂರುವುದಿಲ್ಲ. ಅದರ ನಡುಭಾಗ ರೇಡಿಯೇಟರ್‌ನ ನಡುಭಾಗಕ್ಕೆ ಸರಿಯಾಗಿ ಬರುವುದೂ ಇಲ್ಲ.

3. ಏ.ಸಿ. ಕಂಡೆನ್ಸರ್, ಇಂಟರ್‌ಕೂಲರ್: ಇವು ರೇಡಿಯೇಟರ್ ಮುಂದೆ ಕೂರುತ್ತವೆ. ಗಾಳಿ ಅವುಗಳನ್ನು ದಾಟಿ ಬರುವಾಗಲೇ ಬಿಸಿಯಾಗಿರುತ್ತದೆ, ವೇಗವೂ ತಗ್ಗಿರುತ್ತದೆ.

4. ಗ್ಯಾಸ್ ಕಿಟ್: ಎಲ್.ಪಿ.ಜಿ. ಕಿಟ್ಟಿನ ರಿಡ್ಯೂಸರಿಗೆ ಎಂಜಿನ್ನಿನ ಬಿಸಿನೀರಿನ ಪೈಪ್ ಜೋಡಿಸಿರುತ್ತಾರೆ. ಜೋಡಿಸುವಾಗ ಒಳಗೆ ಗಾಳಿ ಸಿಕ್ಕಿಕೊಂಡರೆ ನೀರು ಸರಿಯಾಗಿ ತಿರುಗುವುದಿಲ್ಲ.

5. ಮುಂಭಾಗದ ಅಲಂಕಾರ: ದೊಡ್ಡ ಬಂಪರ್, ಸಾಲು ದೀಪ, ಹೆಸರಿನ ಫಲಕ. ಇವೆಲ್ಲ ಗಾಳಿಯ ದಾರಿಗೆ ಅಡ್ಡ. ಖರ್ಚಿಲ್ಲದ ಮೊದಲ ಪರಿಹಾರ ಇವುಗಳನ್ನು ತೆಗೆಯುವುದೇ.

ಮೊದಲು ರೋಗ ತಿಳಿಯಿರಿ

ಗಾಡಿ ಬಿಸಿಯಾದ ಕೂಡಲೇ ಫ್ಯಾನ್ ತರಲು ಓಡಬೇಡಿ. ಒಂದು ಪ್ರಶ್ನೆ ಕೇಳಿಕೊಳ್ಳಿ: ಗಾಡಿ ಯಾವಾಗ ಬಿಸಿಯಾಗುತ್ತದೆ?

ನಿಂತಾಗ, ನಿಧಾನ ಹೋಗುವಾಗ ಬಿಸಿಯಾಗಿ, ರಸ್ತೆ ಸಿಕ್ಕು ಓಡತೊಡಗಿದ ಮೇಲೆ ಮುಳ್ಳು ಇಳಿಯುತ್ತದೆಯೇ? ಹಾಗಿದ್ದರೆ ಕೊರತೆ ಗಾಳಿಯದು. ಇಲ್ಲಿ ಇಲೆಕ್ಟ್ರಿಕ್ ಫ್ಯಾನ್ ನಿಜವಾದ ಔಷಧಿ.

ನಿಂತಾಗ ಸರಿ ಇದ್ದು, ವಿಜಯಪುರ-ಸೊಲ್ಲಾಪುರ ಹೆದ್ದಾರಿಯಂಥ ರಸ್ತೆಯಲ್ಲಿ ವೇಗವಾಗಿ ಓಡಿಸಿದಾಗ ಅಥವಾ ಏರು ಹತ್ತುವಾಗ ಬಿಸಿಯಾಗುತ್ತದೆಯೇ? ಆಗ ಫ್ಯಾನ್ ಹಾಕಿ ಪ್ರಯೋಜನ ಕಡಿಮೆ. ರೇಡಿಯೇಟರ್ ಕಟ್ಟಿರುವುದು, ವಾಟರ್ ಪಂಪ್ ಸವೆದಿರುವುದು, ಬೆಲ್ಟ್ ಸಡಿಲ ಇರುವುದು, ಕೆಳಗಿನ ಹೋಸ್ ಪೈಪ್ ಮೆತ್ತಗಾಗಿ ಒಳಗೆ ಅಂಟಿಕೊಳ್ಳುವುದು ಅಥವಾ ಟೈಮಿಂಗ್ ತಪ್ಪಿರುವುದು ಕಾರಣ ಇರಬಹುದು.

ಎಂಜಿನ್ ತಣ್ಣಗಿದ್ದಾಗ ಮುಚ್ಚಳ ತೆಗೆದು ಚಾಲೂ ಮಾಡಿದರೆ ರೇಡಿಯೇಟರ್ ನೀರಿನಲ್ಲಿ ಗುಳ್ಳೆಗಳು ಬರುತ್ತಲೇ ಇವೆಯೇ? ಆಯಿಲ್ ಹಾಲಿನ ಚಹದ ಬಣ್ಣಕ್ಕೆ ತಿರುಗಿದೆಯೇ? ಸೈಲೆನ್ಸರ್‌ನಿಂದ ಬಿಳಿ ಹಬೆ ನಿಲ್ಲದೆ ಬರುತ್ತಿದೆಯೇ? ಇವು ಹೆಡ್ ಗ್ಯಾಸ್ಕೆಟ್ ಹೋದ ಲಕ್ಷಣ. ಆಗ ಎಷ್ಟು ಫ್ಯಾನ್ ಹಾಕಿದರೂ ವ್ಯರ್ಥ.

ಇನ್ನೊಂದು ಎಚ್ಚರಿಕೆ: ನೀರು ಪೂರ್ತಿ ಖಾಲಿಯಾದರೆ ಮುಳ್ಳು ಮೇಲೇರದೆ ಕೆಳಗೇ ಇರಬಹುದು. ಮೀಟರಿನ ಸೆನ್ಸರ್ ನೀರಿನಲ್ಲಿ ಮುಳುಗಿದ್ದಾಗ ಮಾತ್ರ ಸರಿಯಾದ ಲೆಕ್ಕ ಕೊಡುತ್ತದೆ. ಹೀಟರ್ ಇರುವ ಗಾಡಿಯಲ್ಲಿ ಬಿಸಿಗಾಳಿಯ ಬದಲು ಏಕಾಏಕಿ ತಣ್ಣನೆ ಗಾಳಿ ಬಂದರೆ ನೀರು ಹೋಗಿದೆ ಎಂದೇ ತಿಳಿಯಿರಿ.

ಫ್ಯಾನ್ ಆಯ್ಕೆ ಮತ್ತು ಜೋಡಣೆ

ರೇಡಿಯೇಟರ್‌ನ ಜಾಲರಿಯ ಅಳತೆ ತೆಗೆದುಕೊಂಡು ಅದರ ಹೆಚ್ಚು ಭಾಗ ಮುಚ್ಚುವ ಫ್ಯಾನ್ ಆರಿಸಿ. ಅಗಲವಾದ ರೇಡಿಯೇಟರ್ ಇದ್ದರೆ ಒಂದರ ಬದಲು ಎರಡು ಫ್ಯಾನ್ ಒಳ್ಳೆಯದು. ಒಂದು ಕೆಟ್ಟರೂ ಇನ್ನೊಂದು ಮನೆ ಮುಟ್ಟಿಸುತ್ತದೆ.

ಫ್ಯಾನ್ ಕೂರಿಸಲು ಎರಡು ಜಾಗ ಇವೆ. ರೇಡಿಯೇಟರ್ ಹಿಂದೆ, ಅಂದರೆ ಎಂಜಿನ್ ಕಡೆಗೆ ಕೂರಿಸಿದರೆ ಅದು ಗಾಳಿ ಎಳೆಯುತ್ತದೆ. ಮುಂದೆ ಕೂರಿಸಿದರೆ ಗಾಳಿ ತಳ್ಳುತ್ತದೆ. ಜಾಗ ಇದ್ದರೆ ಎಳೆಯುವ ಫ್ಯಾನೇ ಮೇಲು. ಮುಂದೆ ಕೂತ ಫ್ಯಾನ್ ವೇಗದಲ್ಲಿ ಬರುವ ಗಾಳಿಗೆ ಅಡ್ಡವಾಗುತ್ತದೆ, ಕಲ್ಲು, ಕೆಸರು ಮೊದಲು ಅದಕ್ಕೇ ಬಡಿಯುತ್ತದೆ.

ಶ್ರೌಡ್ ಅಂದರೆ ಫ್ಯಾನ್ ಸುತ್ತಲಿನ ತಗಡಿನ ಅಥವಾ ಪ್ಲಾಸ್ಟಿಕ್ಕಿನ ಗೂಡು. ಇದನ್ನು ಬಿಟ್ಟರೆ ಫ್ಯಾನ್ ತನ್ನ ಎಲೆಗಳ ಎದುರಿನ ದುಂಡು ಭಾಗದಿಂದ ಮಾತ್ರ ಗಾಳಿ ಎಳೆಯುತ್ತದೆ, ನಾಲ್ಕು ಮೂಲೆಗಳು ಬಿಸಿಯಾಗಿಯೇ ಉಳಿಯುತ್ತವೆ. ಶ್ರೌಡ್ ಇದ್ದರೆ ಪೂರ್ತಿ ಜಾಲರಿಯಿಂದ ಗಾಳಿ ಬರುತ್ತದೆ. ಅಂಚುಗಳಲ್ಲಿ ಸಂದು ಬಿಡದಂತೆ ರಬ್ಬರ್ ಪಟ್ಟಿ ಅಂಟಿಸಿ. ಸಂದು ಇದ್ದರೆ ಗಾಳಿ ರೇಡಿಯೇಟರ್ ಮೂಲಕ ಬಾರದೆ ಸುಲಭದ ದಾರಿ ಹಿಡಿಯುತ್ತದೆ.

ಫ್ಯಾನನ್ನು ರೇಡಿಯೇಟರ್‌ನ ಜಾಲರಿಯಲ್ಲೇ ಪ್ಲಾಸ್ಟಿಕ್ ಪಟ್ಟಿ ತೂರಿಸಿ ಕಟ್ಟುವ ಪದ್ಧತಿ ಇದೆ. ಹದಗೆಟ್ಟ ರಸ್ತೆಯ ಕುಲುಕಾಟದಲ್ಲಿ ಆ ಪಟ್ಟಿ ಕೊಳವೆಯನ್ನು ತಿಕ್ಕಿ ತೂತು ಮಾಡುತ್ತದೆ. ಗಾಡಿಯ ಫ್ರೇಮಿಗೆ ಅಥವಾ ರೇಡಿಯೇಟರ್‌ನ ಅಂಚಿನ ಪಟ್ಟಿಗೆ ಕಬ್ಬಿಣದ ಕ್ಲ್ಯಾಂಪ್ ಮಾಡಿಸಿ, ನಡುವೆ ರಬ್ಬರ್ ಇಟ್ಟು ಬೋಲ್ಟ್ ಹಾಕಿಸಿ.

ತಿರುಗುವ ದಿಕ್ಕನ್ನು ತಪ್ಪದೆ ಪರೀಕ್ಷಿಸಿ. ಗಾಳಿ ಯಾವಾಗಲೂ ಮುಂದಿನಿಂದ ಎಂಜಿನ್ ಕಡೆಗೆ ಹೋಗಬೇಕು. ಫ್ಯಾನ್ ಚಾಲೂ ಮಾಡಿ ಮುಂದಿನ ಗ್ರಿಲ್ ಎದುರು ಒಂದು ಹಾಳೆ ಹಿಡಿಯಿರಿ. ಹಾಳೆ ಗ್ರಿಲ್ಲಿಗೆ ಅಂಟಿಕೊಂಡರೆ ಸರಿ, ಹೊರಗೆ ಹಾರಿದರೆ ತಪ್ಪು. ವೈರ್ ಅದಲು ಬದಲು ಮಾಡಿದರೆ ಮೋಟಾರ್ ಉಲ್ಟಾ ತಿರುಗುತ್ತದೆ, ಆದರೆ ಎಲೆಗಳ ಬಾಗು ಒಂದೇ ದಿಕ್ಕಿಗೆ ಮಾಡಿದ್ದರೆ ಗಾಳಿ ಬಹಳ ಕಡಿಮೆಯಾಗುತ್ತದೆ. ಹಾಗಾಗಿ ಬೇಕಾದ ದಿಕ್ಕಿನ ಫ್ಯಾನನ್ನೇ ಕೇಳಿ ತನ್ನಿರಿ.

ವೈರಿಂಗ್: ಹೆಚ್ಚು ತಪ್ಪು ಆಗುವುದು ಇಲ್ಲಿ

120 ವಾಟ್ ಫ್ಯಾನ್ 12 ವೋಲ್ಟಿನಲ್ಲಿ 10 ಆಂಪಿಯರ್ ಎಳೆಯುತ್ತದೆ. ಚಾಲೂ ಆಗುವ ಕ್ಷಣದಲ್ಲಿ ಅದರ ಕೆಲವು ಪಟ್ಟು ಎಳೆಯುತ್ತದೆ. ಇಷ್ಟು ಕರೆಂಟನ್ನು ಡ್ಯಾಶ್‌ಬೋರ್ಡಿನ ಸಣ್ಣ ಸ್ವಿಚ್ ಮೂಲಕ ನೇರವಾಗಿ ಹಾಯಿಸಿದರೆ ಸ್ವಿಚ್ ಕರಗುತ್ತದೆ, ವೈರಿಗೆ ಬೆಂಕಿ ಹತ್ತಬಹುದು. ಆದ್ದರಿಂದ ರಿಲೇ ಬೇಕೇ ಬೇಕು.

ಅಂಗಡಿಯಲ್ಲಿ ಸಿಗುವ ಸಾಮಾನ್ಯ ರಿಲೇ ಮೇಲೆ 30, 87, 85, 86 ಎಂಬ ಅಂಕಿಗಳು ಇರುತ್ತವೆ. ಜೋಡಣೆ ಹೀಗಿರಲಿ:

30: ಬ್ಯಾಟರಿ ಪ್ಲಸ್‌ನಿಂದ, ನಡುವೆ ಫ್ಯೂಸ್ ಇಟ್ಟು.
87: ಫ್ಯಾನಿನ ಪ್ಲಸ್ ವೈರ್.
86: ಕೀ ಹಾಕಿದಾಗ ಕರೆಂಟ್ ಬರುವ ವೈರ್.
85: ಥರ್ಮೋ ಸ್ವಿಚ್ ಮೂಲಕ ಬಾಡಿಗೆ ಅರ್ಥಿಂಗ್.

ಫ್ಯೂಸನ್ನು ಬ್ಯಾಟರಿಯ ಹತ್ತಿರವೇ ಇಡಬೇಕು. ಬ್ಯಾಟರಿಯಿಂದ ಫ್ಯೂಸ್‌ವರೆಗಿನ ವೈರಿಗೆ ರಕ್ಷಣೆ ಇರುವುದಿಲ್ಲ, ಅದು ಎಷ್ಟು ಗಿಡ್ಡ ಇದ್ದರೆ ಅಷ್ಟು ಒಳ್ಳೆಯದು. 10 ಆಂಪಿಯರ್ ಫ್ಯಾನಿಗೆ 15 ಆಂಪಿಯರ್ ಫ್ಯೂಸ್, 20 ಆಂಪಿಯರ್ ಫ್ಯಾನಿಗೆ 30 ಆಂಪಿಯರ್ ಫ್ಯೂಸ್ ಸಾಕು. ಫ್ಯೂಸ್ ಪದೇ ಪದೇ ಹಾರಿದರೆ ದೊಡ್ಡ ಫ್ಯೂಸ್ ಅಥವಾ ತಂತಿ ಸುತ್ತುವುದು ಪರಿಹಾರವಲ್ಲ. ಮೋಟಾರ್ ಬಿಗಿಯಾಗಿದೆ ಅಥವಾ ವೈರ್ ಎಲ್ಲೋ ತಿಕ್ಕಿದೆ ಎಂದು ಅರ್ಥ. ಎರಡು ಫ್ಯಾನ್ ಇದ್ದರೆ ಪ್ರತಿಯೊಂದಕ್ಕೂ ಬೇರೆ ರಿಲೇ, ಬೇರೆ ಫ್ಯೂಸ್ ಇರಲಿ.

ವೈರ್ ದಪ್ಪದ ಮಹತ್ವ ತಿಳಿಯಲು ಒಂದು ಲೆಕ್ಕ ನೋಡಿ. 20 ಆಂಪಿಯರ್ ಕರೆಂಟ್ 1.5 ಚದರ ಮಿ.ಮೀ. ತಾಮ್ರದ ವೈರಿನಲ್ಲಿ 3 ಮೀಟರ್ ಹೋಗಿ 3 ಮೀಟರ್ ಮರಳಿ ಬಂದರೆ ದಾರಿಯಲ್ಲೇ ಸುಮಾರು 1.4 ವೋಲ್ಟ್ ಕಳೆದುಹೋಗುತ್ತದೆ. 4 ಚದರ ಮಿ.ಮೀ. ವೈರ್ ಹಾಕಿದರೆ ಕಳೆಯುವುದು ಅರ್ಧ ವೋಲ್ಟ್ ಮಾತ್ರ. ವೋಲ್ಟ್ ಕಡಿಮೆಯಾದಷ್ಟು ಫ್ಯಾನ್ ನಿಧಾನ, ವೈರ್ ಬಿಸಿ. ಒಂದು ಸಣ್ಣ ಫ್ಯಾನಿಗೆ 2.5, ಒಂದೇ ವೈರಿನಲ್ಲಿ 20 ಆಂಪಿಯರ್ ಹೋಗುವುದಿದ್ದರೆ 4 ಚದರ ಮಿ.ಮೀ. ವೈರ್ ಕೇಳಿ. ಬಾಡಿಗೆ ಅರ್ಥಿಂಗ್ ಕೊಡುವ ಜಾಗದಲ್ಲಿ ಬಣ್ಣ, ತುಕ್ಕು ಕೆರೆದು ಬೋಲ್ಟ್ ಬಿಗಿ ಮಾಡಿ. ಫ್ಯಾನ್ ನಿಧಾನ ತಿರುಗುವ ತಕರಾರುಗಳಲ್ಲಿ ಮೊದಲು ನೋಡಬೇಕಾದದ್ದು ಈ ಅರ್ಥಿಂಗನ್ನೇ.

ಡೈನಮೋ ತಡೆಯುತ್ತದೆಯೇ?

ಹಳೆಯ ಗಾಡಿಗಳ ಡೈನಮೋ ಅಥವಾ ಆಲ್ಟರ್ನೇಟರ್ ಇಷ್ಟು ಭಾರಕ್ಕೆಂದು ಮಾಡಿದ್ದಲ್ಲ. ರಾತ್ರಿ ಹೊತ್ತಿನ ಲೆಕ್ಕ ಹೀಗೆ ಆಗುತ್ತದೆ: ಎರಡು ಹೆಡ್‌ಲೈಟ್ ಸುಮಾರು 9-10 ಆಂಪಿಯರ್, ಉಳಿದ ದೀಪಗಳು 3, ಇಗ್ನಿಶನ್, ಪಂಪ್ ಮುಂತಾದವು 5, ಎರಡು ಫ್ಯಾನ್ 20. ಒಟ್ಟು 37-38 ಆಂಪಿಯರ್. ಆಲ್ಟರ್ನೇಟರ್ 35 ಆಂಪಿಯರಿನದಾಗಿದ್ದರೆ ಪೂರ್ಣ ವೇಗದಲ್ಲೂ ಸಾಲದು. ಆಯ್ಡಲ್‌ನಲ್ಲಿ ಅದು ಕೊಡುವುದು ಇನ್ನೂ ಕಡಿಮೆ. ಕೊರತೆಯನ್ನು ಬ್ಯಾಟರಿ ತುಂಬುತ್ತದೆ. ಕೆಲವು ತಾಸಿನ ನಂತರ ದೀಪ ಮಬ್ಬು, ಬೆಳಿಗ್ಗೆ ಸೆಲ್ಫ್ ಎತ್ತುವುದಿಲ್ಲ.

ಇದಕ್ಕೆ ಎರಡು ದಾರಿ. ಒಂದು, ಗಾಡಿಗೆ ಹೊಂದುವ ಹೆಚ್ಚು ಆಂಪಿಯರಿನ ಆಲ್ಟರ್ನೇಟರ್ ಹಾಕಿಸುವುದು. ಎರಡು, ಒಂದು ಫ್ಯಾನ್ ಮೊದಲು, ಇನ್ನೊಂದು ಹೆಚ್ಚು ಬಿಸಿಯಾದಾಗ ಮಾತ್ರ ತಿರುಗುವಂತೆ ಬೇರೆ ಬೇರೆ ಥರ್ಮೋ ಸ್ವಿಚ್ ಕೊಡುವುದು. ಫ್ಯಾನ್ ತಿರುಗುವಾಗ ಬ್ಯಾಟರಿಗೆ ಮೀಟರ್ ಹಚ್ಚಿ ನೋಡಿ. ಎಂಜಿನ್ ಚಾಲೂ ಇರುವಾಗ 13.5 ವೋಲ್ಟಿಗಿಂತ ಹೆಚ್ಚಿದ್ದರೆ ಚಿಂತೆ ಇಲ್ಲ. 12.5ರ ಕೆಳಗೆ ಇಳಿದರೆ ಡೈನಮೋ ಸೋಲುತ್ತಿದೆ.

ಥರ್ಮೋ ಸ್ವಿಚ್ ಮತ್ತು ಥರ್ಮೋಸ್ಟಾಟ್

ಇವೆರಡೂ ಬೇರೆ ಬೇರೆ. ಥರ್ಮೋಸ್ಟಾಟ್ ಎಂಜಿನ್ ಒಳಗೆ ಇರುವ ವಾಲ್ವ್. ಹೆಚ್ಚಿನ ಗಾಡಿಗಳಲ್ಲಿ ಸುಮಾರು 82ರಿಂದ 88 ಡಿಗ್ರಿಗೆ ತೆರೆದು ನೀರನ್ನು ರೇಡಿಯೇಟರ್‌ಗೆ ಬಿಡುತ್ತದೆ. ಥರ್ಮೋ ಸ್ವಿಚ್ ಫ್ಯಾನನ್ನು ಚಾಲೂ ಮಾಡುವ ಸ್ವಿಚ್. ಇದು ಥರ್ಮೋಸ್ಟಾಟ್ ತೆರೆಯುವ ಉಷ್ಣತೆಗಿಂತ ಕೆಲವು ಡಿಗ್ರಿ ಮೇಲೆ ಚಾಲೂ ಆಗಬೇಕು. ಉದಾಹರಣೆಗೆ 92ಕ್ಕೆ ಚಾಲೂ, 87ಕ್ಕೆ ಬಂದ್. ಕಡಿಮೆ ಡಿಗ್ರಿಯ ಸ್ವಿಚ್ ಹಾಕಿದರೆ ಫ್ಯಾನ್ ದಿನವಿಡೀ ತಿರುಗಿ ಮೋಟಾರಿನ ಬ್ರಶ್ ಸವೆಯುತ್ತದೆ. ಸ್ವಿಚ್ಚನ್ನು ರೇಡಿಯೇಟರ್‌ನ ಕೆಳಗಿನ ಟ್ಯಾಂಕಿಗೆ ಹಾಕುವುದಿದ್ದರೆ ಅಲ್ಲಿನ ನೀರು ಆಗಲೇ ತಣಿದಿರುತ್ತದೆ, ಕೆಲವು ಡಿಗ್ರಿ ಕಡಿಮೆಯ ಸ್ವಿಚ್ ಬೇಕು.

ಡ್ರೈವರ್ ಕೈಯಲ್ಲಿ ಒಂದು ಸ್ವಿಚ್ ಮಾತ್ರ ಕೊಟ್ಟು ಬಿಡುವುದು ಸರಿಯಲ್ಲ. ಮಾತಿನ ಭರದಲ್ಲಿ ಮರೆತರೆ ಎಂಜಿನ್ ಹೋಯಿತು. ಥರ್ಮೋ ಸ್ವಿಚ್ ತಾನಾಗಿ ಚಾಲೂ ಮಾಡಲಿ, ಅದು ಕೆಟ್ಟರೆ ಉಪಯೋಗಿಸಲು ಕೈ ಸ್ವಿಚ್ ಜೊತೆಗಿರಲಿ. ಫ್ಯಾನ್ ತಿರುಗುತ್ತಿದೆ ಎಂದು ತೋರಿಸುವ ಸಣ್ಣ ದೀಪ ಡ್ಯಾಶ್‌ಬೋರ್ಡಿನಲ್ಲಿ ಇದ್ದರೆ ಇನ್ನೂ ಒಳ್ಳೆಯದು. ಏ.ಸಿ. ಇರುವ ಗಾಡಿಯಲ್ಲಿ ಏ.ಸಿ. ಹಾಕಿದ ಕೂಡಲೇ ಫ್ಯಾನ್ ಚಾಲೂ ಆಗುವಂತೆ ವೈರಿಂಗ್ ಮಾಡಿಸಿ.

"ನಮ್ಮ ಕಡೆ ಬಿಸಿಲು ಬಹಳ, ಥರ್ಮೋಸ್ಟಾಟ್ ತೆಗೆದುಬಿಡಿ" ಎಂಬ ಸಲಹೆ ಸಾಮಾನ್ಯ. ಅದನ್ನು ತೆಗೆದರೆ ಚಳಿಗಾಲದ ಬೆಳಿಗ್ಗೆ ಎಂಜಿನ್ ಬಿಸಿಯಾಗಲು ಬಹಳ ಹೊತ್ತು ಬೇಕು, ಇಂಧನ ಹೆಚ್ಚು ಸುಡುತ್ತದೆ, ಸವೆತವೂ ಹೆಚ್ಚು. ಕೆಲವು ಎಂಜಿನ್‌ಗಳಲ್ಲಿ ಬೈಪಾಸ್ ದಾರಿಯನ್ನು ಮುಚ್ಚುವುದೂ ಥರ್ಮೋಸ್ಟಾಟೇ. ಅದಿಲ್ಲದಿದ್ದರೆ ಬಿಸಿನೀರು ರೇಡಿಯೇಟರ್‌ಗೆ ಹೋಗದೆ ಎಂಜಿನ್ ಒಳಗೇ ಸುತ್ತುತ್ತದೆ. ತಂಪಾಗಲೆಂದು ಮಾಡಿದ ಕೆಲಸ ಬಿಸಿಗೆ ದಾರಿಯಾಗುತ್ತದೆ. ಕೆಟ್ಟಿದ್ದರೆ ಹೊಸದು ಹಾಕಿಸಿ, ಕುದಿಯುವ ನೀರಿನಲ್ಲಿ ಇಟ್ಟರೆ ತೆರೆಯಬೇಕು ಎಂಬುದು ಅದರ ಸುಲಭ ಪರೀಕ್ಷೆ.

ಸವಳು ನೀರು ಬೇಡ

ನಮ್ಮ ಭಾಗದ ಅನೇಕ ಬೋರ್‌ವೆಲ್‌ಗಳ ನೀರು ಸವಳು. ಚಹ ಕಾಸುವ ಪಾತ್ರೆಯ ತಳದಲ್ಲಿ ಕೂರುವ ಬಿಳಿ ಪೊರೆಯೇ ರೇಡಿಯೇಟರ್ ಕೊಳವೆಯಲ್ಲೂ ಕೂರುತ್ತದೆ. ಆ ಪೊರೆ ಬಿಸಿಯನ್ನು ಹೊರಗೆ ಬಿಡುವುದಿಲ್ಲ, ಸಣ್ಣ ಕೊಳವೆಗಳನ್ನು ಮುಚ್ಚುತ್ತದೆ. ಇಂಥ ರೇಡಿಯೇಟರ್‌ಗೆ ಎರಡು ಫ್ಯಾನ್ ಹಾಕಿದರೂ ಲಾಭವಿಲ್ಲ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರು ಎಲ್ಲಕ್ಕಿಂತ ಒಳ್ಳೆಯದು, ಅದು ಸಿಗದಿದ್ದರೆ ಆರ್.ಓ. ನೀರು.

ನೀರಿಗೆ ಕೂಲಂಟ್ ಸೇರಿಸಿದರೆ ತುಕ್ಕು ಹಿಡಿಯುವುದಿಲ್ಲ, ಕುದಿಯುವ ಉಷ್ಣತೆಯೂ ಏರುತ್ತದೆ. ಅರ್ಧ ನೀರು, ಅರ್ಧ ಗ್ಲೈಕಾಲ್ ಮಿಶ್ರಣ ಸುಮಾರು 107 ಡಿಗ್ರಿಗೆ ಕುದಿಯುತ್ತದೆ. ಡಬ್ಬಿಯ ಮೇಲೆ ಬರೆದ ಪ್ರಮಾಣ ಮೀರಬೇಡಿ, ಏಕೆಂದರೆ ಬಿಸಿ ಹೊತ್ತೊಯ್ಯುವುದರಲ್ಲಿ ನೀರೇ ಹೆಚ್ಚು ಸಮರ್ಥ. ಬೆರೆಸಿಯೇ ಬರುವ ಕೂಲಂಟಿಗೆ ಮತ್ತೆ ನೀರು ಹಾಕುವ ಅಗತ್ಯವಿಲ್ಲ.

ಮಹತ್ವದ ಎಚ್ಚರಿಕೆ: ಎಥಿಲೀನ್ ಗ್ಲೈಕಾಲ್ ಕೂಲಂಟ್ ರುಚಿಗೆ ಸಿಹಿ, ಆದರೆ ವಿಷ. ಅಂಗಳದಲ್ಲಿ ಸುರಿದ ಕೂಲಂಟನ್ನು ನಾಯಿ, ಕುರಿ, ದನ ನೆಕ್ಕಿದರೆ ಸಾಯಬಹುದು. ಮಕ್ಕಳ ಕೈಗೆ ಸಿಗುವಂತೆ ತಂಪು ಪಾನೀಯದ ಬಾಟಲಿಯಲ್ಲಿ ತುಂಬಿಡಬೇಡಿ.

ರೇಡಿಯೇಟರ್ ಮುಚ್ಚಳ ಸಣ್ಣ ವಸ್ತು, ಕೆಲಸ ದೊಡ್ಡದು. 0.9 ಎಂದು ಬರೆದ ಮುಚ್ಚಳ ಒಳಗೆ 0.9 ಬಾರ್ ಒತ್ತಡ ಹಿಡಿದಿಟ್ಟಾಗ ಬರೀ ನೀರು ಕೂಡ ಸುಮಾರು 118 ಡಿಗ್ರಿವರೆಗೆ ಕುದಿಯುವುದಿಲ್ಲ. ಮುಚ್ಚಳದ ರಬ್ಬರ್ ಒಣಗಿದರೆ ಆ ಲಾಭ ಹೋಯಿತು. ಹಾಗೆಂದು ಹಳೆಯ ಬೆಸುಗೆಯ ರೇಡಿಯೇಟರ್‌ಗೆ ಹೆಚ್ಚು ಒತ್ತಡದ ಮುಚ್ಚಳ ಹಾಕಬೇಡಿ, ಬೆಸುಗೆ ಬಿಟ್ಟು ಸೋರುತ್ತದೆ.

ಕಾನೂನು ಏನು ಹೇಳುತ್ತದೆ?

ಗಾಡಿ ಎಂ.ಎಚ್. 10 ಇರಲಿ, ಕೆ.ಎ. 28 ಇರಲಿ, ಮೋಟಾರು ವಾಹನ ಕಾಯಿದೆ 1988 ಎರಡೂ ರಾಜ್ಯಕ್ಕೆ ಒಂದೇ. ಅದರ 52ನೇ ಕಲಮಿನ ಪ್ರಕಾರ ಆರ್.ಸಿ. ಪುಸ್ತಕದಲ್ಲಿರುವ ವಿವರಗಳು ಕಂಪನಿಯವರು ಮೂಲದಲ್ಲಿ ಕೊಟ್ಟದ್ದಕ್ಕಿಂತ ಬೇರೆಯಾಗುವಂತೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಎತ್ತಿಹಿಡಿಯಿತು. 2019ರ ತಿದ್ದುಪಡಿಯಲ್ಲಿ ಸೇರಿದ 182ಎ ಕಲಮಿನ ಪ್ರಕಾರ ಕಾಯಿದೆ ಒಪ್ಪದ ಮಾರ್ಪಾಡು ಮಾಡಿದ ಮಾಲೀಕನಿಗೆ ಆರು ತಿಂಗಳವರೆಗೆ ಜೈಲು ಅಥವಾ ಪ್ರತಿ ಮಾರ್ಪಾಡಿಗೆ 5,000 ರೂ. ದಂಡ ಅಥವಾ ಎರಡೂ ಆಗಬಹುದು.

ರೇಡಿಯೇಟರ್ ಫ್ಯಾನ್ ಆರ್.ಸಿ.ಯಲ್ಲಿ ನಮೂದಾಗುವ ವಿವರವಲ್ಲ. ಎಂಜಿನ್ ನಂಬರ್, ಸಿ.ಸಿ., ಇಂಧನ ಇವು ನಮೂದಾಗುತ್ತವೆ. ಆದ್ದರಿಂದ ಎಂಜಿನ್ ಬದಲಿಸುವ ಮೊದಲು ಆರ್.ಟಿ.ಓ. ಕಚೇರಿಯಲ್ಲಿ ಕೇಳಿ ಒಪ್ಪಿಗೆ ಪಡೆಯಬೇಕು. ಗ್ಯಾಸ್ ಕಿಟ್ ಹಾಕಿಸುವುದಿದ್ದರೆ ಮಂಜೂರಾದ ಕಿಟ್ಟನ್ನೇ ಹಾಕಿಸಿ ಆರ್.ಸಿ.ಯಲ್ಲಿ ಬರೆಸಿಕೊಳ್ಳಿ. ವಿಮಾ ಕಂಪನಿಗೂ ತಿಳಿಸಿ. ಹೊಸ ವೈರಿಂಗ್‌ನಿಂದ ಬೆಂಕಿ ಹತ್ತಿದಾಗ, ಅಪಘಾತವಾದಾಗ ಹೇಳದೆ ಮಾಡಿದ ಮಾರ್ಪಾಡು ವಿಮೆ ಹಣಕ್ಕೆ ತಕರಾರು ತರುತ್ತದೆ. ಗಾಡಿ ಇನ್ನೂ ವಾರಂಟಿಯಲ್ಲಿದ್ದರೆ ವೈರಿಂಗ್ ಮುಟ್ಟುವ ಮೊದಲು ಶೋರೂಮಿನಲ್ಲಿ ವಿಚಾರಿಸಿ.

ದಾರಿಯಲ್ಲಿ ಬಿಸಿಯಾದರೆ

• ಮೊದಲು ಏ.ಸಿ. ಬಂದ್ ಮಾಡಿ. ಹೀಟರ್ ಇದ್ದರೆ ಪೂರ್ತಿ ಹಾಕಿ, ಅದೂ ಸಣ್ಣ ರೇಡಿಯೇಟರ್‌ನಂತೆ ಬಿಸಿ ಹೊರಹಾಕುತ್ತದೆ.
• ಗಾಡಿಯನ್ನು ಪಕ್ಕಕ್ಕೆ, ಸಾಧ್ಯವಾದರೆ ನೆರಳಿಗೆ ತನ್ನಿ. ಹಬೆ ಬರುತ್ತಿದ್ದರೆ, ನೀರು ಸೋರುತ್ತಿದ್ದರೆ, ಮುಳ್ಳು ಕೆಂಪಿನಲ್ಲಿದ್ದರೆ ಕೂಡಲೇ ಎಂಜಿನ್ ಬಂದ್ ಮಾಡಿ. "ಇನ್ನೊಂದು ಮೈಲಿ" ಎಂದು ಓಡಿಸಿದರೆ ಅಲ್ಯೂಮಿನಿಯಂ ಹೆಡ್ ಸೊಟ್ಟಗಾಗುತ್ತದೆ.
• ಬಿಸಿ ಇದ್ದಾಗ ಮುಚ್ಚಳ ತೆಗೆಯಬೇಡಿ. ಒತ್ತಡ ಬಿಟ್ಟ ಕೂಡಲೇ ಕುದಿಯುವ ನೀರು ಮುಖಕ್ಕೆ, ಎದೆಗೆ ಚಿಮ್ಮುತ್ತದೆ. ಕನಿಷ್ಠ ಅರ್ಧ ತಾಸು ಬಿಟ್ಟು, ಮೇಲಿನ ಹೋಸ್ ಪೈಪ್ ಮೆತ್ತಗಾದ ಮೇಲೆ, ದಪ್ಪ ಬಟ್ಟೆ ಹಿಡಿದು ನಿಧಾನ ತಿರುಗಿಸಿ.
• ಕಾದ ಎಂಜಿನ್‌ಗೆ ತಣ್ಣೀರು ಸುರಿಯಬೇಡಿ, ಬ್ಲಾಕ್ ಅಥವಾ ಹೆಡ್ ಸೀಳಬಹುದು.
• ಎಂಜಿನ್ ಬಂದ್ ಇದ್ದರೂ ಇಲೆಕ್ಟ್ರಿಕ್ ಫ್ಯಾನ್ ಏಕಾಏಕಿ ತಿರುಗಬಹುದು. ಕೈ, ಧೋತರ, ಸೀರೆಯ ಸೆರಗು, ಟಾವೆಲ್ ಹತ್ತಿರ ಒಯ್ಯಬೇಡಿ. ಕೆಲಸ ಮಾಡುವಾಗ ಬ್ಯಾಟರಿಯ ಮೈನಸ್ ತೆಗೆದಿಡಿ.

ಮಳೆಗಾಲಕ್ಕೆ ಇನ್ನೊಂದು ಮಾತು. ಡೋಣಿ ನದಿ ಹುಟ್ಟುವುದೇ ಜತ್ತ ತಾಲೂಕಿನಲ್ಲಿ, ಹಳ್ಳಗಳೂ ಕಡಿಮೆ ಇಲ್ಲ. ತುಂಬಿ ಹರಿಯುವ ಹಳ್ಳಕ್ಕೆ ಗಾಡಿ ಇಳಿಸಲೇಬಾರದು. ನಿಂತ ನೀರನ್ನು ದಾಟುವಾಗ ಫ್ಯಾನ್ ಬಂದ್ ಮಾಡಿ. ನೀರಿಗೆ ಬಡಿದ ಎಲೆಗಳು ಬಾಗಿ ರೇಡಿಯೇಟರನ್ನು ಕೊಯ್ಯುತ್ತವೆ. ದಾಟಿದ ಮೇಲೆ ಮತ್ತೆ ಚಾಲೂ ಮಾಡಲು ಮರೆಯಬೇಡಿ.

ಗ್ಯಾರೇಜಿನಲ್ಲಿ ಎರಡು ಭಾಷೆ

ಜತ್ತ, ಸಾಂಗಲಿ, ಮಿರಜ ಕಡೆಯ ಮಿಸ್ತ್ರಿಗೆ ಮರಾಠಿಯಲ್ಲಿ, ವಿಜಯಪುರ, ಇಂಡಿ ಕಡೆ ಕನ್ನಡದಲ್ಲಿ ಹೇಳಬೇಕಾಗುತ್ತದೆ. "ಗಾಡಿ ಬಿಸಿ ಆಗ್ತದ" ಎನ್ನಲು "ಗಾಡಿ ಗರಮ್ ಹೋತೇ", "ನೀರು ಕುದೀತದ" ಎನ್ನಲು "ಪಾಣಿ ಉಕಳತಂಯ", "ಫ್ಯಾನ್ ತಿರುಗೋದಿಲ್ಲ" ಎನ್ನಲು "ಪಂಖಾ ಫಿರತ ನಾಹೀ", "ನೀರು ಸೋರತದ" ಎನ್ನಲು "ಪಾಣಿ ಗಳತಂಯ". ಯಾವ ಭಾಷೆಯಲ್ಲಿ ಹೇಳಿದರೂ ಒಂದು ಮಾತು ಸೇರಿಸಿ: ನಿಂತಾಗ ಬಿಸಿಯಾಗುತ್ತದೆಯೋ, ಓಡುವಾಗ ಬಿಸಿಯಾಗುತ್ತದೆಯೋ. ಒಳ್ಳೆಯ ಮಿಸ್ತ್ರಿಗೆ ಅರ್ಧ ಕೆಲಸ ಅಲ್ಲಿಗೇ ಮುಗಿಯುತ್ತದೆ.

ಬೇಸಿಗೆಗೆ ಮುಂಚೆ, ಯುಗಾದಿಯ ಹೊತ್ತಿಗೆ ನೋಡಬೇಕಾದ್ದು

1. ರೇಡಿಯೇಟರ್ ಜಾಲರಿಯಲ್ಲಿ ಸಿಕ್ಕ ಹುಳ, ಹೊಟ್ಟು, ಧೂಳನ್ನು ಎಂಜಿನ್ ಕಡೆಯಿಂದ ಹೊರಗೆ ಮೆಲ್ಲಗೆ ನೀರು ಬಿಟ್ಟು ತೊಳೆಯಿರಿ. ಜೋರಾದ ನೀರು ಜಾಲರಿಯನ್ನು ಬಾಗಿಸುತ್ತದೆ.
2. ಕೂಲಂಟ್ ಮಟ್ಟ, ಬಣ್ಣ ನೋಡಿ. ಕೆಂಪು ತುಕ್ಕಿನ ನೀರಿದ್ದರೆ ಬದಲಿಸಿ.
3. ಹೋಸ್ ಪೈಪ್, ಕ್ಲಿಪ್, ಬೆಲ್ಟ್, ಮುಚ್ಚಳದ ರಬ್ಬರ್ ಪರೀಕ್ಷಿಸಿ.
4. ಗಾಡಿ ನಿಲ್ಲಿಸಿ ಎಂಜಿನ್ ಚಾಲೂ ಇಟ್ಟು, ಫ್ಯಾನ್ ತಾನಾಗಿ ತಿರುಗಿ ತಾನಾಗಿ ನಿಲ್ಲುತ್ತದೆಯೇ ನೋಡಿ.
5. ಗಾಡಿಯಲ್ಲಿ ಒಂದು ಹೆಚ್ಚಿನ ರಿಲೇ, ಎರಡು ಫ್ಯೂಸ್, ಐದು ಲೀಟರ್ ಒಳ್ಳೆಯ ನೀರು ಇಟ್ಟುಕೊಳ್ಳಿ.

ಈ ಐದು ಕೆಲಸಕ್ಕೆ ಅರ್ಧ ದಿನ ಬೇಕು, ಖರ್ಚು ಅಲ್ಪ. ಮಾಡದಿದ್ದರೆ ಮೇ ತಿಂಗಳ ಉರಿಬಿಸಿಲಿನಲ್ಲಿ ಮಕ್ಕಳು ಮರಿಗಳೊಂದಿಗೆ ರಸ್ತೆ ಬದಿಯಲ್ಲಿ ನಿಲ್ಲಬೇಕಾದೀತು.